ಹೆಸರು ಬದಲಾಯಿಸಲಾಗಿದೆ

ಏಪ್ರಿಲ್ ಕೊನೆಯ ಹೊತ್ತಿಗೆ ನಾಗರಬಾವಿಯ ನಮ್ಮ ಆಫೀಸಿಗೆ ಎರಡು ಥರದವರು ನುಗ್ಗುತ್ತಾರೆ. ಒಂದು ಇರುವೆಗಳು, ಇನ್ನೊಂದು ಇಂಟರ್ನ್‌ಗಳು. ಇರುವೆಗಳಾದರೆ ಗೋಡೆಯ ಬುಡದಲ್ಲಿ ಸೀಮೆಸುಣ್ಣದ ಗೆರೆ ಎಳೆದರೆ ಅಲ್ಲೇ ನಿಲ್ಲುತ್ತವೆ. ಇಂಟರ್ನ್‌ಗಳಿಗೆ ಅಂಥ ಸೀಮೆಸುಣ್ಣವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ದೆಹಲಿ, ಪುಣೆ, ಹೈದರಾಬಾದ್, ಎಲ್ಲೆಲ್ಲಿಂದಲೋ ಬರುತ್ತಾರೆ. ಸುತ್ತಮುತ್ತಲಿನ ಪೀಜಿಗಳಲ್ಲಿ ಮಂಚ ಹಿಡಿಯುತ್ತಾರೆ. ಕುತ್ತಿಗೆಗೆ ನೀರಿನ ಬಾಟಲಿ, ಬೆನ್ನಿಗೆ ಲ್ಯಾಪ್‌ಟಾಪು, ಕಣ್ಣಲ್ಲಿ ನ್ಯಾಯ. ಎರಡು ತಿಂಗಳು ಇದ್ದು, ಸಂಶೋಧನೆ ಮಾಡಿ, ಸರ್ಟಿಫಿಕೇಟು ತೆಗೆದುಕೊಂಡು ಹೋಗುತ್ತಾರೆ. ಮಕ್ಕಳು ಒಳ್ಳೆಯವರೇ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದು ಕಳಿಸಬಹುದಿತ್ತು.

ನಾನು ಈ ಸಂಸ್ಥೆಯಲ್ಲಿ ಕ್ಷೇತ್ರ ಸಂಯೋಜಕಿ. ಹೆಸರು ದೊಡ್ಡದು, ಕೆಲಸ ಬಿಸಿಲಲ್ಲಿ ಅಲೆಯುವುದು. ಮಹಾಲಕ್ಷ್ಮಿ ಲೇಔಟ್‌ನ ಮನೆಯಿಂದ ಎರಡು ಬಸ್ಸು ಬದಲಾಯಿಸಿ ಬಂದು, ಇಂಗ್ಲಿಷ್ ಮಾತ್ರ ಬರುವ ಈ ಮಕ್ಕಳನ್ನು ಕಟ್ಟಿಕೊಂಡು, ಕಟ್ಟಡ ಕೆಲಸದವರ ಶೆಡ್‌ಗಳಿಗೆ ಹೋಗಿ, ಇವರ ಪ್ರಶ್ನೆಯನ್ನು ಕನ್ನಡಕ್ಕೂ ಅವರ ಉತ್ತರವನ್ನು ಇಂಗ್ಲಿಷಿಗೂ ಮಾಡಿ ಹೇಳುವುದು. ನನ್ನ ಅಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಯೂನಿಯನ್ ಮಾಡಿದವರು. ಭಾನುವಾರ ನಮ್ಮ ಮನೆಯ ಹಾಲಿನಲ್ಲಿ ಚಾಪೆ ಹಾಸಿಕೊಂಡು ಅರ್ಜಿ ಬರೆಯುತ್ತಿದ್ದರು. ಯಾರಾದರೂ ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅಪ್ಪ, "ಹೆಸರಿಲ್ದೇ ಇದ್ರೆ ಅದು ಮೂಗರ್ಜಿ ಕಣಯ್ಯಾ, ಸಾಹೇಬ ಅದ್ರಲ್ಲಿ ಕೈ ಒರೆಸ್ಕೋತಾನೆ" ಅನ್ನುತ್ತಿದ್ದರು. ಹೆಸರು ಹೇಳಿ ಕೇಳಿದ್ದು ಮಾತ್ರ ಬೇಡಿಕೆ ಎಂಬ ಪಾಠವನ್ನು ನಾನು ಆ ಚಾಪೆಯ ಮೇಲೆ ಕಲಿತೆ. ಆಮೇಲೆ ಈ ಕೆಲಸಕ್ಕೆ ಸೇರುವಾಗ, ನಾವು ಭೇಟಿಯಾಗುವ ಯಾರ ಹೆಸರನ್ನೂ ಎಲ್ಲಿಯೂ ಬಹಿರಂಗಪಡಿಸುವುದಿಲ್ಲ ಎಂದು ಸಹಿ ಹಾಕಿಸಿಕೊಂಡರು. ಹಾಗಾಗಿ ಇಲ್ಲಿಯೂ ಯಾರ ಹೆಸರೂ ಇರುವುದಿಲ್ಲ. ಅಪ್ಪ ಬದುಕಿದ್ದರೆ ಈ ಬರಹದಲ್ಲೂ ಕೈ ಒರೆಸಿಕೊಳ್ಳುತ್ತಿದ್ದರು.

ಮಲ್ಲತ್ತಹಳ್ಳಿ ಕೆರೆಯ ಹಿಂಬದಿಗೆ ಒಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ಕೆರೆಯ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಹೋಗುವವರು, ಬೇಲಿಯ ಈಚೆಗೆ ನೀಲಿ ತಗಡಿನ ಶೆಡ್‌ಗಳು. ಶೆಡ್‌ಗಳಲ್ಲಿ ಇದ್ದವರು ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯವರು. ಅವರಲ್ಲಿ ಒಬ್ಬಳು ಹೆಂಗಸು, ಸೆಂಟ್ರಿಂಗ್ ಕೆಲಸದವನ ಹೆಂಡತಿ, ತಾನೂ ಅಲ್ಲೇ ಇಟ್ಟಿಗೆ ಜಲ್ಲಿ ಹೊರುವವಳು. ಗಟ್ಟಿ ಗಂಟಲು. ಇಡೀ ಶೆಡ್ಡಿನ ಜಗಳ ಅವಳೇ ಬಿಡಿಸುತ್ತಿದ್ದಳು, ಕೆಲವೊಮ್ಮೆ ಅವಳೇ ಶುರು ಮಾಡುತ್ತಿದ್ದಳು. ನನಗೆ ಅವಳು ಮೊದಲ ದಿನವೇ ಹಿಡಿಸಿದಳು.

ಅವಳಿಗೆ ಇಬ್ಬರು ಮಕ್ಕಳು. ದೊಡ್ಡವಳು ಹುಡುಗಿ, ಹಿಂದಿನ ವರ್ಷ ಊರಲ್ಲಿ ಐದನೇ ಕ್ಲಾಸು ಮುಗಿಸಿ ಬಂದವಳು. ಚಿಕ್ಕವನಿಗೆ ಆಗ ತಾನೇ ಮೂರು ತುಂಬಿತ್ತು. ಅಪ್ಪ ಅಮ್ಮ ಇಬ್ಬರೂ ಮೇಲಿನ ಅಂತಸ್ತಿನಲ್ಲಿರುವಾಗ ಚಿಕ್ಕವನನ್ನು ನೋಡಿಕೊಳ್ಳಬೇಕಾದವಳು ದೊಡ್ಡವಳು. ಕಬ್ಬಿಣದ ಸರಳು, ನೀರಿನ ತೊಟ್ಟಿ, ಹಿಂದಕ್ಕೆ ಬರುವ ಲಾರಿ. ಬಿಟ್ಟು ಅತ್ತಿತ್ತ ನೋಡುವ ಹಾಗಿಲ್ಲ. ಅವಳ ಶಾಲೆಯ ಚೀಲ ಶೆಡ್ಡಿನ ಮೊಳೆಗೆ ನೇತಾಡುತ್ತಿತ್ತು. ತಮ್ಮನನ್ನು ಸದಾ ಸೊಂಟದ ಮೇಲೆ ಹೊತ್ತು ಹೊತ್ತು ಹುಡುಗಿ ಒಂದು ಕಡೆಗೆ ವಾಲಿ ನಡೆಯುತ್ತಿದ್ದಳು. ಅವನು ಸೊಂಟದ ಮೇಲಿಲ್ಲದಾಗಲೂ.

ಅಮ್ಮನಿಗೆ ಬೇಕಾಗಿದ್ದದ್ದು ಒಂದೇ. ಜೂನ್‌ನಲ್ಲಿ ಮಗಳು ಆರನೇ ಕ್ಲಾಸಿಗೆ ಹೋಗಬೇಕು. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ಒಳ್ಳೆಯವರು. "ಯಾವಾಗ ಬಂದ್ರೂ ಸೇರಿಸ್ಕೋತೀನಮ್ಮ, ಆದ್ರೆ ಕೂಸನ್ನ ಎತ್ಕೊಂಡು ಬರೋ ಹಾಗಿಲ್ಲ" ಅಂದಿದ್ದರು. ಹುಡುಗಿ ಒಮ್ಮೆ ಎತ್ತಿಕೊಂಡೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದಳಂತೆ. ಲೆಕ್ಕದ ಪೀರಿಯಡ್ಡಿನಲ್ಲಿ ತಮ್ಮ ಉಚ್ಚೆ ಹೊಯ್ದ. ಎಲ್ಲರೂ ನಕ್ಕರು. ಮರುದಿನ ಅವಳು ಹೋಗಲಿಲ್ಲ.

ಚಿಕ್ಕವನನ್ನು ಅಂಗನವಾಡಿಗೆ ಬಿಟ್ಟರೆ ದೊಡ್ಡವಳು ಶಾಲೆಗೆ ಹೋಗಬಹುದು. ಅಷ್ಟೇ ವಿಷಯ. ಮಲ್ಲತ್ತಹಳ್ಳಿ ಊರೊಳಗೆ ಅಂಗನವಾಡಿ ಇತ್ತು, ಆದರೆ ಅದು ತುಂಬಿಹೋಗಿತ್ತು. ಅಲ್ಲಿನ ಟೀಚರು, ಶೆಡ್ಡಿನ ಮಕ್ಕಳು ತಮ್ಮ ಸರ್ವೆಯಲ್ಲಿ ಬರುವುದಿಲ್ಲ ಅಂದರು. ನಾನು ಆ ಭಾಗದ ಅಂಗನವಾಡಿಗಳ ಮೇಲ್ವಿಚಾರಕಿಯನ್ನು ಹೋಗಿ ಕಂಡೆ. ವಿಜಯನಗರದ ಕಡೆ ಅವರ ಆಫೀಸು. ಆಕೆ ನನ್ನ ಮಾತು ಪೂರ್ತಿ ಕೇಳಿದರು, ಸರ್ಕಾರಿ ಆಫೀಸಿನಲ್ಲಿ ಅದೇ ದೊಡ್ಡದು. "ಮೇಡಂ, ನಂಗೆ ಬಾಯ್ಮಾತಲ್ಲಿ ಹೇಳಿದ್ರೆ ಆಗಲ್ಲ. ಯಾವ ಜಾಗ, ಎಷ್ಟು ಮಕ್ಳು, ತಂದೆ ತಾಯಿ ಹೆಸರು, ಮಗು ಹೆಸರು, ವಯಸ್ಸು, ಎಲ್ಲ ಇರೋ ಸರ್ವೆ ನಿಮ್ಮ ಸಂಸ್ಥೆಯಿಂದ ಕೊಡಿ. ಈ ಸಲ ಹೊಸ ಸೆಂಟರ್‌ಗೆ ಪ್ರಪೋಸಲ್ ಕೇಳಿದಾರೆ. ನಾನು ಮೇಲಕ್ಕೆ ಕಳಿಸ್ತೀನಿ. ಆದ್ರೆ ತಡ ಮಾಡ್ಬೇಡಿ" ಅಂದರು.

ನಾನು ಖುಷಿಯಾಗಿ ಬಂದು ನಮ್ಮ ನಿರ್ದೇಶಕರಿಗೆ ಹೇಳಿದೆ. ನಮ್ಮ ನಿರ್ದೇಶಕರು ಖಾದಿ ಕುರ್ತಾ ಹಾಕಿಕೊಂಡು ಎಲ್ಲರಿಗೂ ತಮ್ಮನ್ನು ಹೆಸರು ಹಿಡಿದೇ ಕರೆಯಿರಿ ಅನ್ನುವವರು. ನಾನು ಸಾರ್ ಅನ್ನುತ್ತೇನೆ. ಹೆಸರು ಹಿಡಿದು ಕರೆದ ಮಾತ್ರಕ್ಕೆ ಯಾರೂ ಸಮಾನರಾಗುವುದಿಲ್ಲ ಎಂಬುದು ನನ್ನ ಅನುಭವ.

"ಒಳ್ಳೇದಾಯ್ತು, ಹೇಗಿದ್ರೂ ಸಮ್ಮರ್ ಇಂಟರ್ನ್ಸ್ ಬರ್ತಾರೆ. ಅವ್ರ ಸ್ಟಡಿಗೂ ಆಗುತ್ತೆ, ನಮ್ಮ ಸರ್ವೆಗೂ ಆಗುತ್ತೆ" ಅಂದರು. ಆ ವರ್ಷದ ಅಧ್ಯಯನಕ್ಕೆ ಹೊರಗಿನ ಒಂದು ಸಂಶೋಧನಾ ಸಂಸ್ಥೆ ಬೆನ್ನಿಗಿತ್ತು. ವಲಸೆ ಕಾರ್ಮಿಕರ ಮಕ್ಕಳ ಆರೈಕೆಯ ಬಗ್ಗೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಅವರು ಎಣಿಸಿದರು. ನಾನೂ ಹೂಂ ಅಂದೆ. ಮೇ ತಿಂಗಳ ಬಿಸಿಲಲ್ಲಿ ಮನೆ ಮನೆ ಎಣಿಸಲು ಕಾಲು ಇರುವ ಹುಡುಗರು ಸಿಕ್ಕರೆ ಯಾರು ಬೇಡ ಅನ್ನುತ್ತಾರೆ?

ಬಂದವರಲ್ಲಿ ಒಬ್ಬಳಿಗೆ ಮಾತ್ರ ಕನ್ನಡ ಬರುತ್ತಿತ್ತು. ಬಸವೇಶ್ವರನಗರದ ಹುಡುಗಿ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಓದಲು ಬಾರದು, ಮಾತು ಬರುತ್ತದೆ. ನನ್ನನ್ನು ಆಂಟಿ ಅನ್ನುತ್ತಿದ್ದಳು. ಮಧ್ಯಾಹ್ನ ತನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ನನಗೆ ಹಾಕುತ್ತಿದ್ದಳು. ಉಳಿದ ಇಂಟರ್ನ್‌ಗಳಂತೆ ಶೆಡ್ಡಿನ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಳ್ಳದೆ, ಒಳಗೆ ಹೋಗಿ ಗೋಣಿಚೀಲದ ಮೇಲೆ ಕೂತು ಮಾತಾಡಿಸುತ್ತಿದ್ದಳು. ಇವಳನ್ನು ನಂಬಬಹುದು ಅನ್ನಿಸಿತು. ಈಗಲೂ, ಅವಳು ನಂಬಿಕೆಗೆ ಅರ್ಹಳಲ್ಲ ಎಂದು ನಾನು ಹೇಳಲಾರೆ. ಅವಳು ಕೊಟ್ಟ ಮಾತನ್ನೆಲ್ಲ ಉಳಿಸಿಕೊಂಡಳು. ಯಾರಿಗೆ ಕೊಟ್ಟ ಮಾತು ಎಂಬುದಷ್ಟೇ ಪ್ರಶ್ನೆ.

ಪ್ರಶ್ನೆ ಕೇಳುವ ಮೊದಲು ಒಪ್ಪಿಗೆ ಪತ್ರ ಓದಿ ಹೇಳಬೇಕು. ಅದು ಕಡ್ಡಾಯ. ಇಂಗ್ಲಿಷಿನಲ್ಲಿ ಎರಡು ಪುಟ. ನಾನು ಅದನ್ನು ಕನ್ನಡ ಮಾಡಿ ಆ ಹೆಂಗಸಿಗೆ ಹೇಳಿದೆ: ನೀವು ಹೇಳಿದ್ದನ್ನು ಬರೆದುಕೊಳ್ಳುತ್ತೇವೆ, ಬೇಡ ಅನ್ನಿಸಿದರೆ ನಡುವೆ ಎದ್ದು ಹೋಗಬಹುದು, ನಿಮ್ಮ ಹೆಸರು ವರದಿಯಲ್ಲಿ ಎಲ್ಲಿಯೂ ಬರುವುದಿಲ್ಲ.

ಅವಳು ಕೈಯಲ್ಲಿದ್ದ ಜೋಳದ ಹಿಟ್ಟು ಒರೆಸಿಕೊಂಡು ನನ್ನ ಮುಖ ನೋಡಿದಳು.

"ಹೆಸರ ಹಾಕೂದಿಲ್ಲಂದ್ರ ಮತ್ಯಾಕ ಕೇಳಾಕತ್ತೀರಿ ಅಕ್ಕಾರ? ನಾ ಏನ್ ಕಳವು ಮಾಡೀನೇನ್ರಿ, ಹೆಸರ ಮುಚ್ಚಿಡಾಕ?"

ಬಸವೇಶ್ವರನಗರದ ಹುಡುಗಿ ಮೆತ್ತಗೆ ಹೇಳಿದಳು, "ಇಲ್ಲ ಅಕ್ಕ, ಇದು ನಿಮ್ಮ ಸೇಫ್ಟಿಗೇ. ನಾಳೆ ಕಾಂಟ್ರ್ಯಾಕ್ಟರ್‌ಗೆ ಗೊತ್ತಾದ್ರೆ ನಿಮ್ಗೆ ತೊಂದ್ರೆ ಆಗ್ಬಾರ್ದು ಅಲ್ವಾ?"

"ಕಾಂಟ್ರ್ಯಾಕ್ಟರ ದಿನಾ ಮುಂಜಾನೆ ನಮ್ಮ ಹೆಸರ ಕೂಗಿ ಕರೀತಾನಲ್ಲವಾ. ಅವಂಗ್ ಗೊತ್ತಿಲ್ಲದ್ದೇನೈತಿ? ಗೊತ್ತಿಲ್ಲದಾಂವ ಸರ್ಕಾರದಾಂವ. ಅವಂಗ್ ಹೇಳ್ರಿ."

ನನಗೆ ನಗು ಬಂತು. ನಗು ನಿಂತ ಮೇಲೆ ಸ್ವಲ್ಪ ಹೆದರಿಕೆಯೂ ಆಯಿತು. ಅಂದೇ ಸಂಜೆ ನಿರ್ದೇಶಕರನ್ನು ಕೇಳಿದೆ, ಸಾರ್, ಮೇಲ್ವಿಚಾರಕಿಗೆ ಹೆಸರು ಬೇಕಲ್ಲ, ಇಲ್ಲಿ ನೋಡಿದರೆ ಹೆಸರು ಹಾಕುವುದಿಲ್ಲ ಅನ್ನುತ್ತಿದ್ದೇವೆ. ಅವರು ಫೋನಿನಿಂದ ತಲೆ ಎತ್ತದೆ, "ಲಿಸ್ಟ್ ಬೇರೆ, ರಿಪೋರ್ಟ್ ಬೇರೆ ಮೇಡಂ. ಲಿಸ್ಟ್ ಡಿಪಾರ್ಟ್‌ಮೆಂಟ್‌ಗೆ ಹೋಗುತ್ತೆ. ರಿಪೋರ್ಟ್ ಜೊತೇಲೇ ಕೊಟ್ರೆ ಅದಕ್ಕೊಂದು ತೂಕ ಬರುತ್ತೆ" ಅಂದರು. ಮರುದಿನ ಹೋಗಿ ಆ ಹೆಂಗಸಿಗೆ ಹಾಗೆಯೇ ಹೇಳಿದೆ. ಅವಳು ಒಪ್ಪಿದಳು.

ಒಪ್ಪಿದ್ದಷ್ಟೇ ಅಲ್ಲ, ಇಡೀ ಶೆಡ್ಡನ್ನು ಎಬ್ಬಿಸಿದಳು. ಭಾನುವಾರ ಮಾಂಸದ ಸಾರಿಗೆ ಕೂತ ಗಂಡಸರನ್ನು ಎಬ್ಬಿಸಿ ತಂದು ಇಂಟರ್ನ್‌ಗಳ ಮುಂದೆ ಕೂರಿಸಿದಳು. "ಏಳೋ, ಮಕ್ಕಳ ಹೆಸರ ಬರಸೋ, ಅಂಗನವಾಡಿ ಬರಾಕತ್ತೈತಿ" ಎಂದು ಕೂಗುತ್ತಿದ್ದಳು. ಮಗಳು ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡು ಇಂಟರ್ನ್‌ಗಳನ್ನು ಒಂದೊಂದು ಶೆಡ್ಡಿಗೂ ಕರೆದುಕೊಂಡು ಹೋದಳು. ಯಾರ ಮಗು ಯಾವುದು, ಯಾವುದು ಮಲಗಿದೆ, ಯಾವುದು ಅಜ್ಜಿಯ ಜೊತೆ ಊರಿಗೆ ಹೋಗಿದೆ, ಎಲ್ಲ ಅವಳು ಹೇಳುತ್ತಿದ್ದಳು. ಆ ಬಸವೇಶ್ವರನಗರದ ಹುಡುಗಿಗೂ ಇವಳಿಗೂ ಜೋಡಿಯಾಯಿತು. ಆಕೆ ತನ್ನ ಟ್ಯಾಬ್ ಕೊಟ್ಟು, ಇವಳಿಗೆ ಅಕ್ಷರ ಒತ್ತುವುದು ಕಲಿಸಿದಳು. ಇವಳು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಒತ್ತಿದಳು. ಮೊದಲ ಅಕ್ಷರ ದೊಡ್ಡದು ಮಾಡುವುದು ಹೇಗೆ ಎಂದು ಕೇಳಿ ಅದನ್ನೂ ಮಾಡಿದಳು. ಆಮೇಲೆ ತಮ್ಮನ ಹೆಸರು.

ಇದರ ನಡುವೆ ನಾನೂ ನನ್ನ ಪಾಡಿಗೆ ಒಂದು ಹಾಳೆಯಲ್ಲಿ ಮಕ್ಕಳ ಹೆಸರು ಗೀಚಿಕೊಳ್ಳುತ್ತಿದ್ದೆ, ಹಳೆಯ ಅಭ್ಯಾಸ. ಇಂಟರ್ನ್ ಹುಡುಗಿ ಬಂದು ಬಹಳ ವಿನಯದಿಂದ, "ಆಂಟಿ, ತಪ್ಪು ತಿಳ್ಕೋಬೇಡಿ, ಹೀಗೆ ಲೂಸ್ ಶೀಟಲ್ಲಿ ಹೆಸ್ರು ಇಟ್ಕೊಳೋ ಹಾಗಿಲ್ಲ. ಎಥಿಕ್ಸ್ ಟ್ರೇನಿಂಗಲ್ಲಿ ಹೇಳಿದಾರೆ" ಅಂದಳು. ಹಾಳೆಯನ್ನು ಇಸಿದುಕೊಂಡು ತನ್ನ ಬೀಗದ ಚೀಲಕ್ಕೆ ಹಾಕಿಕೊಂಡಳು. ನನ್ನ ಮಗಳಿಗಿಂತ ಚಿಕ್ಕವಳು. ಆದರೂ ಕೊಟ್ಟೆ, ಅವಳು ನಿಯಮ ಹೇಳುತ್ತಿದ್ದಳಲ್ಲ.

ಜೂನ್ ಬಂತು. ಶಾಲೆ ಶುರುವಾಯಿತು. ಆ ಹೆಂಗಸು ಫೋನ್ ಮಾಡಿ ಕೇಳುತ್ತಿದ್ದಳು, ನಾನು ರಿಪೋರ್ಟ್ ಬರಲಿ ಅನ್ನುತ್ತಿದ್ದೆ. ಮುಖ್ಯೋಪಾಧ್ಯಾಯಿನಿ ಹುಡುಗಿಯ ಜಾಗ ಹಾಗೇ ಇದೆ ಅಂದಿದ್ದರು. ಮೇಲ್ವಿಚಾರಕಿ ಒಂದು ಸಲ ತಾವೇ ಫೋನ್ ಮಾಡಿ, "ಏನಾಯ್ತು ಮೇಡಂ ನಿಮ್ಮ ಸರ್ವೆ?" ಅಂದರು. ನಿರ್ದೇಶಕರು, "ಆಗ್ತಾ ಇದೆ, ಡಿಸೈನರ್ ಹತ್ರ ಇದೆ" ಅಂದರು. ಡಿಸೈನರು ಮುಖಪುಟಕ್ಕೆ ಬಣ್ಣ ಹುಡುಕುತ್ತಿದ್ದನಂತೆ.

ವರದಿ ಬಂತು. ಹೇಳಬೇಕು, ಚೆನ್ನಾಗಿತ್ತು. ದಪ್ಪ ಕಾಗದ, ಮುಖಪುಟದಲ್ಲಿ ಒಬ್ಬ ಹುಡುಗಿ ಮಗುವನ್ನು ಎತ್ತಿಕೊಂಡ ಚಿತ್ರ, ಮುಖ ಇಲ್ಲದ್ದು. ನಗರದ ಮಧ್ಯೆ ಒಂದು ಏಸಿ ಹಾಲಿನಲ್ಲಿ ಬಿಡುಗಡೆ ಇಟ್ಟರು. ನಾನು ಆ ಹೆಂಗಸನ್ನೂ ಮಗಳನ್ನೂ ಕರೆದುಕೊಂಡು ಬರುತ್ತೇನೆ ಅಂದೆ. ನಿರ್ದೇಶಕರು ಗಾಬರಿಯಾದರು. "ಅಯ್ಯೋ ಬೇಡ ಮೇಡಂ! ಅವ್ರು ಬಂದ್ರೆ ಯಾರು ಅಂತ ಎಲ್ರಿಗೂ ಗೊತ್ತಾಗಿಬಿಡುತ್ತೆ." ಹೀಗೆ, ಆ ಜನರ ಗುಟ್ಟು ಕಾಯುವ ಸಲುವಾಗಿ, ಅವರ ಬಗ್ಗೆ ನಡೆದ ಸಭೆಗೆ ಅವರನ್ನು ಬಿಟ್ಟು ಉಳಿದವರನ್ನೆಲ್ಲ ಕರೆದರು. ಕೊನೆಯಲ್ಲಿ ಗೋಡಂಬಿ ಹಾಕಿದ ಉಪ್ಪಿಟ್ಟು ಇತ್ತು. ನಾನು ತಿನ್ನಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ತಿಂದೆ. ಹಸಿವಾಗಿತ್ತು.

ಮರುವಾರ ಆ ಹೆಂಗಸು ಕೆಲಸಕ್ಕೆ ರಜೆ ಹಾಕಿ, ಊರಿನ ಜಾತ್ರೆಗೆ ಉಡುವ ಸೀರೆ ಉಟ್ಟು ನನ್ನ ಜೊತೆ ವಿಜಯನಗರಕ್ಕೆ ಬಂದಳು. ನನ್ನ ಕೈಯಲ್ಲಿ ನಿರ್ದೇಶಕರು ಕೊಟ್ಟ ಮುಚ್ಚಿದ ಲಕೋಟೆ. ಒಳಗೆ ವರದಿ, ಅದರ ಜೊತೆ ಪಟ್ಟಿ ಇದೆ ಎಂದೇ ಹೇಳಿದ್ದರು. ಮೇಲ್ವಿಚಾರಕಿ ಲಕೋಟೆ ಒಡೆದರು. ಪಟ್ಟಿ ಇತ್ತು. ಅದರಲ್ಲಿ ಮಕ್ಕಳ ಸಂಖ್ಯೆ ಇತ್ತು, ವಯಸ್ಸು ಇತ್ತು. ಹೆಸರಿನ ಜಾಗದಲ್ಲಿ ಒಂದೊಂದು ಅಕ್ಷರ, ಒಂದೊಂದು ಅಂಕಿ. ಅವರು ವರದಿ ತಿರುವಿದರು. ಶೆಡ್‌ಗಳ ಜಾಗಕ್ಕೆ ಒಂದು ಹೆಸರು ಕೊಟ್ಟಿದ್ದರು, ಚೆಂದದ ಹೆಸರು, ಹೂವಿನದ್ದು.

"ಈ ಊರು ಯಾವ್ದು ಮೇಡಂ? ನನ್ನ ಸರ್ಕಲ್ಲಲ್ಲಿ ಇಂಥ ಜಾಗಾನೇ ಇಲ್ವಲ್ಲ?"

"ಮಲ್ಲತ್ತಹಳ್ಳಿ ಕೆರೆ ಹಿಂದೆ ಮೇಡಂ. ಹೆಸರು ಬದಲಾಯಿಸಿದಾರೆ."

"ಯಾಕೆ?"

ಆ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವಳ ಸೇಫ್ಟಿಗೇ ಎಂದು ಹೇಗೆ ಹೇಳಲಿ? ಮೇಲ್ವಿಚಾರಕಿ ಪುಟ ತಿರುವುತ್ತಾ ಚೌಕಟ್ಟು ಹಾಕಿದ ಒಂದು ಬರಹದ ಹತ್ತಿರ ನಿಂತರು. ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಹುಡುಗಿಯ ಕಥೆ. ಅವರು ಅದನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದರು. ಬೆಂಚು, ಲೆಕ್ಕದ ಪೀರಿಯಡ್ಡು, ಮಕ್ಕಳ ನಗು, ಎಲ್ಲ ಹಾಗೇ ಇತ್ತು. ಹುಡುಗಿಯ ಹೆಸರು ಮಾತ್ರ ಟೀವಿ ಧಾರಾವಾಹಿಯ ಶ್ರೀಮಂತರ ಮನೆ ಸೊಸೆಗೆ ಇಡುವಂಥದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ, ಹೆಸರು ಬದಲಾಯಿಸಲಾಗಿದೆ.

"ಇದು ನನ್ನ ಮಗಳರೀ" ಅಂದಳು ಆ ಹೆಂಗಸು, ಬೆರಳಿಟ್ಟು. "ಇದು ಆಕೀದ ಕತಿ. ಆದ್ರ ಇದು ಆಕಿ ಹೆಸರಲ್ಲ. ನೀವು ಹೊಡದ್ ಹಾಕಿ ಆಕಿ ಹೆಸರ ಬರಕೋರಿ, ನಾ ಹೇಳತೀನಿ."

ಮೇಲ್ವಿಚಾರಕಿ ಪೆನ್ನು ಕೆಳಗಿಟ್ಟರು. ಅವರಿಗೂ ಬೇಜಾರಾಗಿತ್ತು, ನಾನು ಕಂಡೆ. "ನಾನು ಬರ್ಕೊಂಡ್ರೆ ನಾನೇ ತಿದ್ದಿದ ಹಾಗಾಗುತ್ತಮ್ಮ. ಹೀಗೇ ಕಳ್ಸಿದ್ರೆ ಮೇಲಿನವ್ರು ಇದನ್ನ ಮೂಗರ್ಜಿ ಅಂತಾರೆ. ಒರಿಜಿನಲ್ ಲಿಸ್ಟ್ ಇರುತ್ತಲ್ಲ, ಅದನ್ನ ತಂದ್ಕೊಡಿ. ಈ ವಾರದೊಳಗೆ ತಂದ್ರೂ ಕಳಿಸ್ತೀನಿ."

ಮೂಗರ್ಜಿ. ಅಪ್ಪನ ಬಾಯಲ್ಲಿ ಬಿಟ್ಟರೆ ಆ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ.

ಆ ಹೆಂಗಸನ್ನು ಬಸ್ಸು ಹತ್ತಿಸಿ ನೇರ ಆಫೀಸಿಗೆ ಹೋದೆ. ಒರಿಜಿನಲ್ ಲಿಸ್ಟ್ ಕೊಡಿ ಸಾರ್ ಅಂದೆ. ನಿರ್ದೇಶಕರು ತಮ್ಮ ಕಂಪ್ಯೂಟರಿನಲ್ಲಿ ಹುಡುಕಿದರು, ಹುಡುಕಿದರು, ಮುಖ ಸಣ್ಣಗಾಯಿತು. ಬಸವೇಶ್ವರನಗರದ ಹುಡುಗಿಗೆ ಫೋನ್ ಹಾಕಿದರು, ಸ್ಪೀಕರಿನಲ್ಲಿ. ಅವಳ ದನಿ ಲವಲವಿಕೆಯಿಂದ ಬಂತು. ಅವಳಿಗೆ ಆಗಲೇ ಹೊರದೇಶದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು.

"ಓ, ಹೆಸ್ರುಗಳ ಫೈಲಾ? ಅದನ್ನ ಡಿಲೀಟ್ ಮಾಡ್ಬಿಟ್ಟಿದೀನಿ. ಫೈನಲ್ ರಿಪೋರ್ಟ್ ಕೊಟ್ಮೇಲೆ ಡೆಸ್ಟ್ರಾಯ್ ಮಾಡ್ಬೇಕು ಅಂತ ಪ್ರೋಟೋಕಾಲಲ್ಲಿ ಇತ್ತಲ್ಲ, ನೀವೇ ಸೈನ್ ಮಾಡಿದ್ರಿ. ಪೇಪರ್ಸ್ ಎಲ್ಲಾನೂ ನಾನೇ ನಿಂತು ಶ್ರೆಡ್ ಮಾಡಿಸ್ದೆ. ಆಂಟಿ ಬರೆದಿದ್ದ ಶೀಟೂ ಸೇರಿಸಿ. ಡೋಂಟ್ ವರಿ, ಇನ್ನು ಯಾರು ಎಷ್ಟು ಹುಡುಕಿದ್ರೂ ಅವ್ರು ಸಿಗಲ್ಲ."

ಅವಳ ದನಿಯಲ್ಲಿ ಹೆಮ್ಮೆ ಇತ್ತು. ಯಾರು ಎಷ್ಟು ಹುಡುಕಿದರೂ ಅವರು ಸಿಗುವುದಿಲ್ಲ. ಆ ಜನ ಸರ್ಕಾರಕ್ಕೆ ಸಿಗಬೇಕೆಂದು ಒಂದು ಬೇಸಿಗೆ ಪೂರ್ತಿ ನಾವು ಬೆವರು ಸುರಿಸಿದ್ದೆವು. ಅವಳು ಅಚ್ಚುಕಟ್ಟಾಗಿ ಅವರನ್ನು ಅಳಿಸಿ ಹಾಕಿದ್ದಳು, ಅವರ ಒಳ್ಳೆಯದಕ್ಕೇ. ಇಂಥ ತಪ್ಪನ್ನು ಕಳ್ಳರು ಮಾಡುವುದಿಲ್ಲ, ಸೋಮಾರಿಗಳು ಮಾಡುವುದಿಲ್ಲ. ತರಬೇತಿ ಪಡೆದ ಒಳ್ಳೆಯವರೇ ಮಾಡಬೇಕು.

ನಾನು ಆ ದಿನ ಆಫೀಸಿನಲ್ಲಿ ಬಾಯಿಗೆ ಬಂದಂತೆ ಬೈದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದೆ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕೆ ಬೇಕು ಸಾರ್, ನಿಮ್ಮ ವರದಿಯನ್ನು ನೆಕ್ಕಿಕೊಂಡು ಕೂರಲಾ ಅಂದೆ. ನಿರ್ದೇಶಕರು ತಾಳ್ಮೆಯಿಂದ ಕೇಳಿದರು. ಅವರ ಆ ತಾಳ್ಮೆಯನ್ನು ಕಂಡರೆ ನನಗೆ ಇನ್ನೂ ಉರಿಯುತ್ತದೆ. "ನಿಮ್ಮ ಕೋಪ ವ್ಯಾಲಿಡ್ ಮೇಡಂ" ಅಂದರು. ಹೊಸದಾಗಿ ಪಟ್ಟಿ ಮಾಡೋಣ ಅಂದರೆ, ಆ ಪ್ರಾಜೆಕ್ಟ್ ಮುಗಿದಿದೆ, ನೀವು ಈಗ ಬೇರೆ ಪ್ರಾಜೆಕ್ಟಿನಲ್ಲಿ ಇದ್ದೀರಿ ಅಂದರು.

ಪ್ರಾಜೆಕ್ಟ್ ಮನೆ ಹಾಳಾಗಲಿ ಎಂದು ಮರುದಿನ ಬೆಳಿಗ್ಗೆಯೇ ಹಾಳೆ ಪೆನ್ನು ಹಿಡಿದು ಕೆರೆಯ ಹಿಂದಕ್ಕೆ ಹೋದೆ. ಶೆಡ್‌ಗಳ ಮುಂದೆ ಲಾರಿ ನಿಂತಿತ್ತು. ಕಟ್ಟಡದ ಒರಟು ಕೆಲಸ ಮುಗಿದಿತ್ತು. ಇನ್ನು ಟೈಲ್ಸು, ಬಣ್ಣದವರ ಸರದಿ, ಅವರು ಬೇರೆ ಜನ. ಕಾಂಟ್ರ್ಯಾಕ್ಟರು ಇವರಲ್ಲಿ ಅರ್ಧ ಜನರನ್ನು ಕೆಂಗೇರಿಯಾಚೆಯ ಹೊಸ ಸೈಟಿಗೆ ಕಳಿಸುತ್ತಿದ್ದ. ಉಳಿದವರಲ್ಲಿ ಹೆಚ್ಚಿನವರು ಆಗಲೇ ಹೊರಟುಹೋಗಿದ್ದರು. ತಗಡು ಬಿಚ್ಚಿ ಲಾರಿಗೆ ಎಸೆಯುತ್ತಿದ್ದ ಸದ್ದು. ಹುಡುಗಿ ಪಾತ್ರೆಗಳ ಮೂಟೆಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ತಮ್ಮ, ತಮ್ಮನ ಕೈಯಲ್ಲಿ ಅವಳ ಶಾಲೆಯ ಚೀಲ.

"ಲಿಸ್ಟ್ ತಂದೀರೇನ್ರಿ ಅಕ್ಕಾರ?" ಎಂದು ಅವಳ ಅಮ್ಮ ಲಾರಿಯ ಮೇಲಿನಿಂದ ಕೂಗಿದಳು.

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಲಾರಿ ಹೋದ ಮೇಲೆ ಅಲ್ಲಿ ನಾಲ್ಕು ಶೆಡ್ಡು ಉಳಿದವು. ನಾಲ್ಕು ಶೆಡ್ಡಿಗೆ ಯಾವ ಸರ್ಕಾರವೂ ಅಂಗನವಾಡಿ ಕೊಡುವುದಿಲ್ಲ. ಮೇಲ್ವಿಚಾರಕಿಗೆ ಫೋನ್ ಮಾಡಿ ಹೇಳಿದೆ. "ಹೋಗ್ಲಿ ಬಿಡಿ ಮೇಡಂ, ನೀವು ಪಾಪ ಓಡಾಡಿದ್ರಿ" ಅಂದರು. ಕೆಂಗೇರಿ ಅವರ ವ್ಯಾಪ್ತಿಗೆ ಬರುವುದಿಲ್ಲ.

ಕೆಲಸ ಬಿಡುತ್ತೇನೆ ಅಂದುಕೊಂಡೆ. ಬಿಡಲಿಲ್ಲ. ಮನೆಯಲ್ಲಿ ಒಬ್ಬಳೇ ದುಡಿಯುವವಳು ನಾನು. ಕೋಪ ಮಾಡಿಕೊಂಡು ಎದ್ದು ಹೋಗುವುದಕ್ಕೂ ಬೇರೆ ಜಾತಕ ಬೇಕು.

ಮರುವರ್ಷ ಮತ್ತೆ ಇರುವೆ ಬಂದವು, ಇಂಟರ್ನ್‌ಗಳೂ ಬಂದರು. ಹಿಂದಿನ ವರದಿ ಹೊರಗಿನ ಸಂಸ್ಥೆಗೆ ಬಹಳ ಹಿಡಿಸಿತ್ತಂತೆ. ಈ ಸಲ ಮರುಭೇಟಿ ಅಧ್ಯಯನ: ಅದೇ ಕುಟುಂಬಗಳನ್ನು ಹುಡುಕಿ, ಈಗ ಹೇಗಿದ್ದಾರೆ ಎಂದು ಕೇಳುವುದು. ಹುಡುಕುವುದು ಹೇಗೆ? ಹೆಸರುಗಳು ಚೂರಾಗಿ ಹೋಗಿದ್ದವು. ನಿರ್ದೇಶಕರು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತು, "ಮೇಡಂ, ನಿಮ್ಮ ಫೋನಲ್ಲಿ ಆ ಅಮ್ಮನ ನಂಬರ್ ಇರ್ಬಹುದಾ?" ಅಂದರು. ಆಗ ಅವರ ನಿಯಮಕ್ಕೆ ಏನೂ ಆಗಲಿಲ್ಲ.

ನಂಬರು ಇತ್ತು. ನನಗೂ ಆ ಹುಡುಗಿಯನ್ನು ನೋಡಬೇಕಿತ್ತು. ಮೆಟ್ರೊದಲ್ಲಿ ಕೆಂಗೇರಿಗೆ ಹೋಗಿ, ಅಲ್ಲಿಂದ ಆಟೊ ಹಿಡಿದು ಹೋದೆವು. ನಾನು ಮತ್ತು ಪುಣೆಯಿಂದ ಬಂದ ಒಬ್ಬ ಹುಡುಗ, ಕನ್ನಡ ಒಂದಕ್ಷರ ಬಾರದವನು, ದಾರಿಯುದ್ದಕ್ಕೂ ನನ್ನ ಬ್ಯಾಗು ತಾನೇ ಹೊತ್ತವನು. ನೀಲಿ ತಗಡಿನ ಶೆಡ್‌ಗಳು ಅವೇ. ಕೆರೆ ಮಾತ್ರ ಇಲ್ಲ.

ಹುಡುಗಿ ಎತ್ತರ ಆಗಿದ್ದಳು. ತಮ್ಮ ಈಗ ಸೊಂಟದಿಂದಿಳಿದು ತಾನೇ ಓಡಾಡುತ್ತಿದ್ದ, ಸೊಂಟದ ಮೇಲೆ ಬೇರೆ ಯಾರದ್ದೋ ಮಗು. ಅವಳ ಸುತ್ತ ಚಿಕ್ಕಚಿಕ್ಕ ಮಕ್ಕಳ ಒಂದು ಹಿಂಡು. ಸಿಮೆಂಟ್ ಚೀಲ ಹಾಸಿ ಸಾಲಾಗಿ ಕೂರಿಸಿದ್ದಳು. ಇವಳು ಹೇಗಿದ್ದರೂ ಮನೆಯಲ್ಲೇ ಇರುತ್ತಾಳೆ ಎಂದು ಶೆಡ್ಡಿನ ತಾಯಂದಿರೆಲ್ಲ ಬೆಳಿಗ್ಗೆ ತಮ್ಮ ಮಕ್ಕಳನ್ನು ಇವಳ ಹತ್ತಿರ ಬಿಟ್ಟು ಕೆಲಸಕ್ಕೆ ಹತ್ತುತ್ತಿದ್ದರು. ಮಕ್ಕಳು ಅವಳನ್ನು ಟೀಚರ್ ಅನ್ನುತ್ತಿದ್ದವು. ಹಳೆಯ ಚೀಲದಿಂದ ಐದನೇ ಕ್ಲಾಸಿನ ಕನ್ನಡ ಪುಸ್ತಕ ತೆಗೆದು ಅವಕ್ಕೆ ಚಿತ್ರ ತೋರಿಸುತ್ತಿದ್ದಳು. ಬೇಕಾಗಿದ್ದದ್ದು ಒಂದು ಅಂಗನವಾಡಿ, ಅವಳು ಶಾಲೆಗೆ ಹೋಗಲಿಕ್ಕೆ. ಅದು ಬರಲಿಲ್ಲವಾಗಿ ಅವಳೇ ಅಂಗನವಾಡಿಯಾಗಿದ್ದಳು. ನನಗೆ ಅಳು ಬಂತು, ಸಿಟ್ಟೂ ಬಂತು, ಸಿಟ್ಟು ಜಾಸ್ತಿ ಬಂತು.

ಪುಣೆಯ ಹುಡುಗನಿಗೆ ಖುಷಿಯೋ ಖುಷಿ. ಸಮುದಾಯವೇ ನಡೆಸುವ ಶಿಶುಪಾಲನೆ, ಇದನ್ನು ಒಳ್ಳೆಯ ಮಾದರಿ ಎಂದು ವರದಿಯಲ್ಲಿ ಹಾಕಬೇಕು ಅಂದ. ಅದನ್ನು ನಾನು ಕನ್ನಡಕ್ಕೆ ಮಾಡಲಿಲ್ಲ. ಅವಳ ಅಮ್ಮ ಮೇಲಿನ ಅಂತಸ್ತಿನಿಂದ ನನ್ನನ್ನು ಕಂಡು ಕೈ ಬೀಸಿದಳು, ಇಳಿದು ಬರಲಿಲ್ಲ. ಮೇಸ್ತ್ರಿ ಬಿಡಲಿಲ್ಲವೋ, ಅವಳಿಗೇ ಬೇಡವಾಗಿತ್ತೋ. ಆದರೂ ಮಗಳನ್ನು ಮಾತಾಡಿಸಬಹುದೇ ಎಂದು ಸನ್ನೆಯಲ್ಲಿ ಕೇಳಿದ್ದಕ್ಕೆ, ಆಗಲಿ ಎಂದು ತಲೆ ಆಡಿಸಿದಳು.

ಒಪ್ಪಿಗೆ ಪತ್ರ ಹೊರಬಂತು. ಈ ವರ್ಷ ಅದರಲ್ಲಿ ಒಂದು ಸುಧಾರಣೆ ಆಗಿತ್ತು. ವರದಿಯಲ್ಲಿ ಬರುವ ಸುಳ್ಳು ಹೆಸರನ್ನು ನಾವು ಆರಿಸುವುದು ಅವಮಾನ, ಅದನ್ನು ಅವರೇ ಆರಿಸಿಕೊಳ್ಳಲಿ ಎಂದು ಯಾರೋ ಹೇಳಿದ್ದರಂತೆ. ಹುಡುಗ ಮೊಣಕಾಲೂರಿ ಅವಳ ಎತ್ತರಕ್ಕೆ ಕೂತು ನಗುತ್ತಾ ಕೇಳಿದ. ನಾನು ಕನ್ನಡದಲ್ಲಿ ಹೇಳಿದೆ: ನಿನ್ನ ಹೆಸರು ಬದಲಾಯಿಸುತ್ತಾರೆ, ನಿನಗೆ ಇಷ್ಟವಾದ ಹೆಸರು ಯಾವುದಾದರೂ ಹೇಳು.

ಮಕ್ಕಳು ಕಿಸಕ್ಕನೆ ನಕ್ಕು ಸಿನಿಮಾ ನಟಿಯರ ಹೆಸರು ಕೂಗಿದವು. ಹುಡುಗಿ ನಗಲಿಲ್ಲ. ಸೊಂಟದ ಮೇಲಿದ್ದ ಮಗುವನ್ನು ಕೆಳಗಿಳಿಸಿ ನೆಟ್ಟಗೆ ನಿಂತು, ಹಾಜರಿ ಹೇಳುವಾಗಿನಂತೆ ತನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಹೇಳಿದಳು.

ಹುಡುಗ ತಲೆ ಅಲ್ಲಾಡಿಸಿದ. ಅದಲ್ಲ, ಅದು ನಿಜವಾದದ್ದು, ಬೇರೆ ಯಾವುದಾದರೂ ಹೇಳಬೇಕು. ನಾನು ಅದನ್ನೂ ಹೇಳಿದೆ.

ಅವಳು ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಹ್ವಾದ ವರ್ಷ ನಿಮ್ಮಾಕಿ ಬ್ಯಾರೆ ಹೆಸರ ಬರದಿದ್ಲಂತಲ್ರಿ ಅಕ್ಕಾರ, ನಮ್ಮವ್ವ ಹೇಳಿದ್ಲು. ಆ ಹೆಸರಿನಾಕಿಯಾದ್ರೂ ಸಾಲಿಗೆ ಹ್ವಾದ್ಲೇನ್ರಿ?"

ಅವಳು ಹೇಳಿದ್ದನ್ನು ಇಂಗ್ಲಿಷಿಗೆ ಮಾಡಿ ಹೇಳುವುದು ನನ್ನ ಕೆಲಸ. ಒಂದು ಮಾತೂ ಬಿಡದೆ ಹೇಳಿದೆ. ಹುಡುಗನ ಕಣ್ಣು ಒದ್ದೆಯಾಗಿತ್ತು, ನಾನು ಸುಳ್ಳು ಹೇಳುವುದಿಲ್ಲ. ಆಮೇಲೆ ಟ್ಯಾಬ್ ತೆಗೆದು ಆ ಮಾತನ್ನು ಜೋಪಾನವಾಗಿ ಬರೆದುಕೊಂಡ. ಇದು ಎಷ್ಟು ಗಟ್ಟಿಯಾದ ಮಾತು ಮೇಡಂ, ವರದಿಯ ಮೊದಲ ಪುಟದಲ್ಲೇ ಹಾಕಬೇಕು ಅಂದ. ಹಾಕಿದರೆ ಅದರ ಕೆಳಗೆ ಯಾವ ಹೆಸರು ಕೊಡಲಿ ಎಂದು ನನ್ನನ್ನು ಕೇಳಿದ.